ಶುರು ಮಾಡಿದ್ದು ಯಾವತ್ತು, ಯಾರು?

ಪೀಣ್ಯದ ಒಂದು ಸಣ್ಣ ಕಾರ್ಖಾನೆಯವರು ತಮ್ಮ ಕಂಪನಿ ಪ್ರೊಫೈಲ್ ತಿದ್ದಿಕೊಡಿ ಅಂತ ಕಳಿಸಿದ್ದರು. ನನ್ನ ಕೆಲಸವೇ ಅದು. ಕನ್ನಡದವರು ಇಂಗ್ಲಿಷಿನಲ್ಲಿ ಬರೆದ ಕಾಗದಪತ್ರಗಳನ್ನು ಓದಿ ಸರಿಮಾಡಿ ಕೊಡುತ್ತೇನೆ. ನಾಲ್ಕೇ ಪುಟ ಇತ್ತು. ಮೊದಲ ಪುಟದಲ್ಲಿ ‘ಸ್ಟಾರ್ಟೆಡ್ ಇನ್ 1987’. ಎರಡನೆಯದರಲ್ಲಿ ‘ಎಸ್ಟಾಬ್ಲಿಷ್ಡ್ ಇನ್ 1998’. ಮೂರನೆಯದರಲ್ಲಿ ‘ವಾಸ್ ಫೌಂಡ್ ಇನ್ 2009’. ಸಾಲಕ್ಕೆಂದು ಕೊಟ್ಟಿದ್ದ ಬ್ಯಾಂಕಿನಿಂದ ಈ ಕಾಗದ ಒಮ್ಮೆ ವಾಪಸ್ ಬಂದಿತ್ತು. ಕಂಪನಿಗೆ ನಿಜವಾಗಿ ಎಷ್ಟು ವರ್ಷ ಅಂತ ಕೇಳಿದ್ದರು.

ಮಾಲೀಕರಿಗೆ ಫೋನ್ ಮಾಡಿದೆ. “ಮೂರೂ ನಿಜಾನೇ ಮೇಡಂ” ಅಂದರು. 1987ರಲ್ಲಿ ಅವರ ತಂದೆ ಶೆಡ್ ಬಾಡಿಗೆಗೆ ಹಿಡಿದು ಒಂದು ಹಳೇ ಲೇತ್ ಹಾಕಿದರು. 1998ರಲ್ಲಿ ಚಿಕ್ಕಪ್ಪ ಸೇರಿ ಪಾಲುದಾರಿಕೆ ಆಯಿತು. 2009ರಲ್ಲಿ ಮಗ, ಅಂದರೆ ಈ ಮಾಲೀಕರೇ, ಅದನ್ನು ಪ್ರೈವೇಟ್ ಲಿಮಿಟೆಡ್ ಮಾಡಿಸಿದರು. ಮಾತಿನಲ್ಲಾದರೆ ಮೂರಕ್ಕೂ ‘ಶುರು ಮಾಡಿದ್ವಿ’ ಅಂದರೆ ಸಾಕು. ಕೇಳುವವರು ಎದುರಿಗೇ ಇರುತ್ತಾರೆ, ಅನುಮಾನ ಬಂದರೆ ಕೇಳುತ್ತಾರೆ. ಕಾಗದ ಓದುವವರು ಯಾರನ್ನು ಕೇಳಬೇಕು?

ಇಂಥ ಕಡೆ ನಾನು ಡಿಕ್ಷನರಿ ತೆಗೆಯುವ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ. ಆ ದಿನ ಸಂಜೆ ನಿಮ್ಮ ಹತ್ತಿರ ಏನಿತ್ತು? ಒಂದು ಲೇತ್ ಇತ್ತಾ? ಸಹಿ ಬಿದ್ದ ಪತ್ರವಾ? ಸರ್ಕಾರ ಕೊಟ್ಟ ಸರ್ಟಿಫಿಕೇಟಾ? ಉತ್ತರ ಸಿಕ್ಕರೆ ಪದ ತಾನಾಗಿ ಬರುತ್ತದೆ. ಲೇತ್ ಹಾಕಿದ್ದಕ್ಕೆ ‘ಸೆಟ್ ಅಪ್’ ಸರಿ. ಅದು ಕೈಕೆಲಸದ ಪದ. ಜಾಗ ಹಿಡಿದು, ಸಾಮಾನು ಜೋಡಿಸಿ, ಕರೆಂಟ್ ಎಳೆಸಿ ನಿಲ್ಲಿಸುವುದೆಲ್ಲ ಅದರಲ್ಲಿದೆ. ಕಂಪನಿ ರಿಜಿಸ್ಟರ್ ಆಗಿದ್ದಕ್ಕೆ ‘ಇನ್‌ಕಾರ್ಪೊರೇಟೆಡ್’ ಬಿಟ್ಟರೆ ಬೇರೆ ಪದ ಬೇಡ. ಲ್ಯಾಟಿನ್ನಿನಲ್ಲಿ ‘ಕಾರ್ಪಸ್’ ಅಂದರೆ ಮೈ. ಕಾನೂನಿನ ಕಣ್ಣಿಗೆ ಕಂಪನಿಗೆ ಅವತ್ತು ತನ್ನದೇ ಮೈ ಬಂತು, ಮಾಲೀಕರಿಂದ ಬೇರೆಯಾಯಿತು ಅಂತ ಅರ್ಥ. ಸರ್ಟಿಫಿಕೇಟಿನ ಮೇಲೆ ಇರುವ ತಾರೀಕು ಅದೊಂದೇ.

‘ವಾಸ್ ಫೌಂಡ್’ ಬಗ್ಗೆ ಸ್ವಲ್ಪ ನಿಲ್ಲಬೇಕು. ವಾರಕ್ಕೊಂದು ಸಲವಾದರೂ ನನ್ನ ಮೇಜಿಗೆ ಬರುವ ತಪ್ಪು ಇದು. ಶಾಲೆಯ ಸ್ಮರಣ ಸಂಚಿಕೆಯಲ್ಲಿ, ಟ್ರಸ್ಟಿನ ವರದಿಯಲ್ಲಿ, ಕಲ್ಯಾಣ ಮಂಟಪದ ಕಲ್ಲಿನ ಮೇಲೂ ನೋಡಿದ್ದೇನೆ. ‘ಫೈಂಡ್’ ಅಂದರೆ ಸಿಗುವುದು, ಅದರ ಭೂತಕಾಲ ‘ಫೌಂಡ್’. ಸ್ಥಾಪಿಸುವುದಕ್ಕೆ ಇರುವ ‘ಫೌಂಡ್’ ಬೇರೆಯದೇ ಕ್ರಿಯಾಪದ, ಅದರ ಭೂತಕಾಲ ‘ಫೌಂಡೆಡ್’. ‘ಸ್ಕೂಲ್ ವಾಸ್ ಫೌಂಡ್’ ಅಂತ ಬರೆದರೆ ಕಳೆದುಹೋಗಿದ್ದ ಶಾಲೆ ಸಿಕ್ಕಿತು ಅಂದಹಾಗಾಯಿತು. ಪೀಣ್ಯದವರಿಗೆ ಗೊತ್ತಿರುವ ಫೌಂಡ್ರಿಯಲ್ಲಿ ಮೂರನೆಯ ‘ಫೌಂಡ್’ ಇದೆ, ಅದು ಲೋಹ ಎರಕ ಹೊಯ್ಯುವುದು. ಮೂರಕ್ಕೂ ಬೇರು ಬೇರೆ ಬೇರೆ. ಸ್ಥಾಪಿಸುವ ಪದದ ಬೇರು ಲ್ಯಾಟಿನ್ನಿನ ‘ಫುಂಡುಸ್’, ಅಂದರೆ ತಳ, ಅಡಿ. ನಮ್ಮ ‘ಅಡಿಪಾಯ’ದಲ್ಲಿರುವ ಅಡಿಯೇ ಅಲ್ವಾ?

‘ಎಸ್ಟಾಬ್ಲಿಷ್’ ಅದಕ್ಕಿಂತ ನಿಧಾನದ ಪದ. ಅದರೊಳಗೆ ‘ಸ್ಟೇಬಲ್’ ಇದೆ. ನೆಲೆ ನಿಲ್ಲುವುದು ಅದರ ಜೀವ. ಹಳೇ ಹೋಟೆಲುಗಳ ಬೋರ್ಡಿನ ಮೂಲೆಯಲ್ಲಿ ‘ಎಸ್ಟಿಡಿ’ ಅಂತ ಚಿಕ್ಕದಾಗಿ ಬರೆದು ಇಸವಿ ಹಾಕಿರುವುದು ಇದೇ ಪದ. ನೆಲೆ ನಿಂತಿದ್ದಕ್ಕೆ ಅಲ್ಲಿ ಸಾಕ್ಷಿ ಇದೆ. ಮೊನ್ನೆ ತೆರೆದ ಅಂಗಡಿಯವರು ‘ವೆಲ್ ಎಸ್ಟಾಬ್ಲಿಷ್ಡ್’ ಅಂತ ಹಾಕಿಕೊಂಡರೆ ನಾನು ಒಪ್ಪುವುದಿಲ್ಲ, ತೆಗೆಸುತ್ತೇನೆ. ಕೋರ್ಟಿನ ಕಾಗದದಲ್ಲಿ ಇದೇ ಪದಕ್ಕೆ ‘ಸಾಬೀತು ಮಾಡು’ ಅಂತ ಅರ್ಥ ಬರುವುದೂ ಇದೇ ಕಾರಣಕ್ಕೆ.

‘ಲಾಂಚ್’ ಇದರ ಎದುರು ತುದಿ. ಭರ್ಜಿ ಎಸೆಯುವ ಪದದಿಂದ ಬಂದಿದ್ದು. ಕೈಯಿಂದ ಬಿಟ್ಟು ಕಳಿಸುವುದು. ಹಡಗು, ರಾಕೆಟ್, ಹೊಸ ಸೋಪು, ಯೋಜನೆ ಎಲ್ಲವೂ ಲಾಂಚ್ ಆಗಬಹುದು. ಆರ್ಯಭಟ ಉಪಗ್ರಹ ತಯಾರಾಗಿದ್ದು ಇದೇ ಪೀಣ್ಯದ ಶೆಡ್ಡುಗಳಲ್ಲಿ. ಲಾಂಚ್ ಆಗಿದ್ದು 1975ರ ಏಪ್ರಿಲ್ 19ರಂದು, ಸೋವಿಯತ್ ಒಕ್ಕೂಟದ ಕಪುಸ್ತಿನ್ ಯಾರ್‌ನಿಂದ. ಅದನ್ನು ಕಟ್ಟಿದ ಇಸ್ರೋ ‘ಎಸ್ಟಾಬ್ಲಿಷ್’ ಆಗಿದ್ದು 1969ರಲ್ಲಿ. ಒಂದು ನೆಲ ಬಿಟ್ಟು ಹೋಯಿತು, ಇನ್ನೊಂದು ನೆಲೆ ನಿಂತಿತು. ಆಸ್ಪತ್ರೆಯನ್ನೋ ಶಾಲೆಯನ್ನೋ ಲಾಂಚ್ ಮಾಡಿದೆವು ಅಂತ ಬರೆದಾಗ ನನಗೆ ಸರಿ ಕಾಣದಿರುವುದು ಇದಕ್ಕೇ.

‘ಇನಾಗುರೇಟ್’ ಸಮಾರಂಭದ ಪದ, ಟೇಪ್ ಕತ್ತರಿಸಿದ ದಿನಕ್ಕೆ ಮಾತ್ರ. ಅಡಿಗಲ್ಲು ಹಾಕಿದ ದಿನಕ್ಕೂ ಅದನ್ನೇ ಬರೆಯುವವರಿದ್ದಾರೆ. ನಮ್ಮ ಮೆಟ್ರೋಗೆ ಅಡಿಗಲ್ಲು ಬಿದ್ದಿದ್ದು 2006ರಲ್ಲಿ, ಉದ್ಘಾಟನೆ ಆಗಿದ್ದು 2011ರಲ್ಲಿ. ನಡುವೆ ಐದು ವರ್ಷ ಇದೆ.

‘ಕಮೆನ್ಸ್’ ಪದವನ್ನು ಮಾತಿನಲ್ಲಿ ಬಳಸಬೇಡಿ, ಬಿಗಿಯಾಗುತ್ತದೆ. ಆದರೆ ಕರಾರಿನಲ್ಲಿ ಅದಕ್ಕೆ ಬೆಲೆ ಜಾಸ್ತಿ. ಬಾಡಿಗೆ ಕರಾರಿಗೆ ಸಹಿ ಮಾಡಿದ ದಿನ ಒಂದು, ಬಾಡಿಗೆ ಲೆಕ್ಕ ಹಿಡಿಯುವ ದಿನ ಇನ್ನೊಂದು ಇರಬಹುದು. ಎರಡನೆಯದು ಕಮೆನ್ಸ್‌ಮೆಂಟ್. ನಮ್ಮ ಸಂವಿಧಾನದಲ್ಲೇ ಇದಕ್ಕೆ ಒಳ್ಳೇ ಉದಾಹರಣೆ ಇದೆ. ಅದನ್ನು ಅಂಗೀಕರಿಸಿದ್ದು 1949ರ ನವೆಂಬರ್ 26ರಂದು. ಪೌರತ್ವದಂಥ ಕೆಲವು ವಿಧಿಗಳು ಅವತ್ತೇ ಜಾರಿಗೆ ಬಂದವು. ಉಳಿದವು 1950ರ ಜನವರಿ 26ರಂದು. ಈ ಎರಡನೇ ದಿನವನ್ನೇ ಸಂವಿಧಾನದ ‘ಕಮೆನ್ಸ್‌ಮೆಂಟ್’ ಅಂತ 394ನೇ ವಿಧಿ ಬಿಡಿಸಿ ಹೇಳುತ್ತದೆ.

ಇಂಗ್ಲಿಷಿನಲ್ಲಿ ಎಷ್ಟೊಂದು ಪದ, ನಮ್ಮಲ್ಲಿ ಒಂದೇ ‘ಶುರು’ ಅಂತ ಕೊರಗುವವರಿಗೆ ನಾನು ‘ಹೂಡು’ ಪದವನ್ನು ತೋರಿಸುತ್ತೇನೆ. ನೇಗಿಲು ಹೂಡುತ್ತೇವೆ, ಬಂಡಿ ಹೂಡುತ್ತೇವೆ. ಸಂಸಾರ ಹೂಡುತ್ತೇವೆ, ಬಂಡವಾಳ ಹೂಡುತ್ತೇವೆ, ದಾವೆ ಹೂಡುತ್ತೇವೆ. ಸಂಸಾರಕ್ಕೆ ಇಂಗ್ಲಿಷಿನಲ್ಲಿ ‘ಸೆಟ್ ಅಪ್’ ಬೇಕು, ಬಂಡವಾಳಕ್ಕೆ ‘ಇನ್ವೆಸ್ಟ್’, ದಾವೆಗೆ ‘ಇನ್‌ಸ್ಟಿಟ್ಯೂಟ್’. ದಾವೆಯನ್ನು ‘ಸ್ಟಾರ್ಟ್’ ಮಾಡಿದರು ಅಂತ ಬರೆದು ತಂದಿದ್ದ ಹುಡುಗಿಗೆ “ಕನ್ನಡದಲ್ಲಿ ಏನಂತೀಯಮ್ಮಾ?” ಅಂತ ಕೇಳಿದೆ. “ಹೂಡಿದ್ರು” ಅಂದಳು. ಅವಳಿಗೆ ವ್ಯತ್ಯಾಸ ಮೊದಲೇ ಗೊತ್ತಿತ್ತು.

ಪೀಣ್ಯದ ಪ್ರೊಫೈಲಿಗೆ ಬರುತ್ತೇನೆ. ಕೊನೆಯ ಪುಟದಲ್ಲಿ ಮಗನ ಫೋಟೋ, ಕೆಳಗೆ ‘ಫೌಂಡರ್ ಅಂಡ್ ಎಂಡಿ’ ಅಂತಿತ್ತು. ತಂದೆಯ ಹೆಸರು ಎಲ್ಲೂ ಇಲ್ಲ. ಯಾಕೆ ಅಂತ ಕೇಳಿದೆ. “ಕಂಪನಿ ರಿಜಿಸ್ಟರ್ ಆದಾಗ ಅಪ್ಪ ಡೈರೆಕ್ಟರ್ ಆಗಿರ್ಲಿಲ್ಲ ಮೇಡಂ, ಹಾಕ್ಬಹುದಾ?” ಅಂದರು.

ಅವರಿಗೆ ನಮ್ಮೂರಿನ ಟಾಟಾ ಇನ್‌ಸ್ಟಿಟ್ಯೂಟಿನ ಕತೆ ಹೇಳಿದೆ. ಭಾರತೀಯ ವಿಜ್ಞಾನ ಸಂಸ್ಥೆ ಎಸ್ಟಾಬ್ಲಿಷ್ ಆಗಿದ್ದು 1909ರಲ್ಲಿ, ಸರ್ಕಾರದ ಆದೇಶದಿಂದ. ಜಾಗ ಕೊಟ್ಟಿದ್ದು ಮೈಸೂರು ಸಂಸ್ಥಾನ. ಮೊದಲ ವಿದ್ಯಾರ್ಥಿಗಳು ಒಳಗೆ ಕಾಲಿಟ್ಟಿದ್ದು 1911ರ ಜುಲೈನಲ್ಲಿ. ಜೆಮ್‌ಷೆಟ್‌ಜಿ ಟಾಟಾ ತೀರಿಕೊಂಡಿದ್ದು 1904ರಲ್ಲಿ. ಆದೇಶದ ಕಾಗದವನ್ನೂ ಅವರು ನೋಡಲಿಲ್ಲ, ವಿದ್ಯಾರ್ಥಿಗಳನ್ನೂ ನೋಡಲಿಲ್ಲ. ಆದರೂ ಫೌಂಡರ್ ಅಂದರೆ ಅವರೇ. ಇಂಥದ್ದೊಂದು ಬೇಕು ಅಂತ ಹಟ ಹಿಡಿದು ಅದಕ್ಕೆ ತಮ್ಮ ಆಸ್ತಿ ತೆಗೆದಿಟ್ಟವರು ಅವರು. ಫೌಂಡರ್ ಆಗೋಕೆ ರಿಜಿಸ್ಟರ್ ಪತ್ರದಲ್ಲಿ ಹೆಸರಿರಲೇಬೇಕು ಅಂತೇನಿಲ್ಲ.

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತು ಬರಲಿಲ್ಲ. ಮಾರನೇ ದಿನ ವಾಟ್ಸ್ಯಾಪಿನಲ್ಲಿ ಒಂದು ಹಳೇ ಫೋಟೋ ಬಂತು. ತೋಳು ಮಡಚಿದ ಅಂಗಿ, ಎಣ್ಣೆ ಹಿಡಿದ ಕೈ, ಹಿಂದೆ ಆ ಲೇತ್. ಪ್ರೊಫೈಲಿನ ಮೊದಲ ಪುಟದಲ್ಲಿ ಈಗ ಆ ಫೋಟೋ ಇದೆ. ಕೆಳಗೆ ತಂದೆಯ ಹೆಸರು, ಅದರ ಮುಂದೆ ‘ಫೌಂಡರ್’. ಪಕ್ಕದಲ್ಲಿ ಮೂರು ಸಾಲು: 1987ಕ್ಕೆ ‘ಸೆಟ್ ಅಪ್’, 1998ಕ್ಕೆ ‘ಪಾರ್ಟ್‌ನರ್‌ಶಿಪ್ ಫಾರ್ಮ್ಡ್’, 2009ಕ್ಕೆ ‘ಇನ್‌ಕಾರ್ಪೊರೇಟೆಡ್’. ಮಗನ ಫೋಟೋ ಕೊನೆಯ ಪುಟದಲ್ಲೇ ಉಳಿಯಿತು. ಅದರ ಕೆಳಗೆ ‘ಎಂಡಿ’ ಅಂತಷ್ಟೇ ಇದೆ.