ಬಿತ್ತನೆ ಪಂಚಾಂಗವನ್ನು ಕೊನೆಗೆ ತೆರೆಯಿರಿ

ಚಂದ್ರ, ರಾಶಿಗಳನ್ನೂ ಲೆಕ್ಕಕ್ಕೆ ಹಿಡಿಯುವ ಸಾವಯವ ಪದ್ಧತಿಯಾದ ಬಯೋಡೈನಮಿಕ್ ಕೃಷಿ ಕಲಿಯಲು ತೊಡಗಿದವರ ಕೈಗೆ ಮೊದಲು ಸಿಗುವುದು, ಚಂದ್ರ ಯಾವ ರಾಶಿಯಲ್ಲಿದ್ದಾಗ ಏನು ಬಿತ್ತಬೇಕೆಂದು ಹೇಳುವ ಬಿತ್ತನೆ ಪಂಚಾಂಗ. ತರಕಾರಿಯ ವರ್ಷದ ಯೋಜನೆಯನ್ನೂ ಅದರಿಂದಲೇ ಆರಂಭಿಸಬೇಕು ಎಂದು ನಾನೂ ನಂಬಿದ್ದೆ. ಅರ್ಧ ಎಕರೆಯಲ್ಲಿ ಮೂರು ಹಂಗಾಮು ಬೆಳೆದು ನೋಡಿದ ಮೇಲೆ ನಾನು ಹಿಡಿದಿರುವ ಕ್ರಮ ಇದು: ಮೊದಲು ಮಳೆ, ಚಳಿ ಮತ್ತು ಬಾವಿಯ ನೀರು, ಆಮೇಲೆ ಬೆಳೆಯ ಕುಟುಂಬ, ಕೊನೆಗೆ ಚಂದ್ರ.

ಪಂಚಾಂಗದ ತರ್ಕವನ್ನು ಮೊದಲು ತಿಳಿದುಕೊಳ್ಳೋಣ. ಆಸ್ಟ್ರಿಯಾದ ದಾರ್ಶನಿಕ ರುಡಾಲ್ಫ್ ಸ್ಟೈನರ್ 1924ರಲ್ಲಿ ನೀಡಿದ ಉಪನ್ಯಾಸಗಳು ಈ ಕೃಷಿಗೆ ಬುನಾದಿ. ಬೇರು, ಎಲೆ, ಹೂವು, ಹಣ್ಣಿನ ದಿನಗಳೆಂಬ ವಿಂಗಡಣೆ ಮಾತ್ರ ಅನಂತರದ್ದು. 1950ರ ದಶಕದಿಂದ ಜರ್ಮನಿಯಲ್ಲಿ ಮೂಲಂಗಿ ಬಿತ್ತಿ ಬಿತ್ತಿ ನೋಡಿದ ಮರಿಯಾ ಥೂನ್ ಅದನ್ನು ರೂಪಿಸಿದರು. ಚಂದ್ರ ವೃಷಭ, ಕನ್ಯಾ, ಮಕರದಲ್ಲಿದ್ದರೆ ಬೇರಿನ ದಿನ. ಕರ್ಕಾಟಕ, ವೃಶ್ಚಿಕ, ಮೀನ ಎಲೆಗೆ. ಮಿಥುನ, ತುಲಾ, ಕುಂಭ ಹೂವಿಗೆ. ಮೇಷ, ಸಿಂಹ, ಧನು ಹಣ್ಣಿಗೆ. ಒಂದೇ ಬಗೆಯ ದಿನ ಸುಮಾರು ಒಂಬತ್ತು ದಿನಕ್ಕೊಮ್ಮೆ ಮರಳುತ್ತದೆ. ಮನೆಯ ಪಂಚಾಂಗ ರಾಶಿಗಳನ್ನು ಎರಡೂಕಾಲು ದಿನಕ್ಕೊಂದರಂತೆ ಸಮನಾಗಿ ಹಂಚಿದರೆ, ಥೂನ್ ಆಕಾಶದಲ್ಲಿ ಕಾಣುವ ನಕ್ಷತ್ರಪುಂಜಗಳ ಅಗಲವನ್ನೇ ಹಿಡಿದರು. ಹಾಗಾಗಿ ಎರಡರ ನಡುವೆ ದಿನಗಳು ಆಚೀಚೆಯಾಗುತ್ತವೆ.

ಸಸಿ ನಾಟಿಗೆ ‘ಇಳಿಯುವ ಚಂದ್ರ’ ಎಂದಿರುವುದನ್ನು ಕೃಷ್ಣಪಕ್ಷ ಎಂದು ಓದಬೇಡಿ. ಸೂರ್ಯನಿಗೆ ವರ್ಷಕ್ಕೊಮ್ಮೆ ಬರುವ ದಕ್ಷಿಣಾಯನ ಚಂದ್ರನಿಗೆ ತಿಂಗಳಿಗೊಮ್ಮೆ ಬರುತ್ತದೆ. ಇಲ್ಲಿ ಹೇಳಿರುವುದು ಆ ಹದಿಮೂರು ಹದಿನಾಲ್ಕು ದಿನಗಳನ್ನು.

ಹೆಚ್ಚಿನವರು ಎಡವುವುದು ಒಂದೇ ತಾಕಿನಲ್ಲಿ ಒಂದರ ಹಿಂದೊಂದು ಹಾಕುವ ಬೆಳೆಗಳ ಸರದಿಯಲ್ಲಿ. ಬೇರು, ಎಲೆ, ಹೂವು, ಹಣ್ಣು ಎಂಬುದು ನಾವು ತಿನ್ನುವ ಭಾಗದ ಲೆಕ್ಕ. ಮೂಲಂಗಿ ಕಿತ್ತ ತಾಕಿಗೆ ಎಲೆಕೋಸು, ಅದರ ಹಿಂದೆ ಬ್ರೊಕೋಲಿ ಹಾಕಿದರೆ ಕಾಗದದ ಮೇಲೆ ಸರದಿ ಚೆಂದವಾಗಿಯೇ ಕಾಣುತ್ತದೆ. ಆದರೆ ಮೂರೂ ಸಾಸಿವೆ ಕುಟುಂಬದವು. ಕಪ್ಪು ಕೊಳೆ ರೋಗಕ್ಕೆ ಬಿಡುವೇ ಇಲ್ಲದಂತಾಗುತ್ತದೆ. ನಾನು ಆಲೂಗಡ್ಡೆ ಅಗೆದ ಜಾಗಕ್ಕೆ, ಬೇರಿನ ನಂತರ ಹಣ್ಣು ಸರಿ ಎಂದುಕೊಂಡು, ಟೊಮೆಟೊ ನೆಟ್ಟೆ. ಹಚ್ಚಗಿದ್ದ ಗಿಡಗಳು ನಿಂತಲ್ಲೇ ಬಾಡಿದವು. ಕಾಂಡ ಕತ್ತರಿಸಿ ಲೋಟದ ನೀರಿನಲ್ಲಿ ಹಿಡಿದಾಗ ಹಾಲಿನಂಥ ಎಳೆ ಇಳಿಯಿತು: ದುಂಡಾಣು ಸೊರಗು ರೋಗ. ಆಲೂಗಡ್ಡೆ, ಟೊಮೆಟೊ, ಬದನೆ, ಮೆಣಸಿನಕಾಯಿ ಒಂದೇ ಮನೆತನದವು. ಆದ್ದರಿಂದ ತಾಕುಗಳ ನಕ್ಷೆಯಲ್ಲಿ ಮೊದಲು ಬದನೆ, ಸಾಸಿವೆ, ದ್ವಿದಳ, ಸೌತೆ ಎಂದು ಕುಟುಂಬ ಬರೆದು, ಪ್ರತಿ ಹಂಗಾಮಿಗೆ ಒಂದೊಂದು ತಾಕು ಮುಂದೆ ಸರಿಸಿ.

ಬೆಂಗಳೂರು, ಕೋಲಾರದ ಬಯಲಿನಲ್ಲಿ ಮುಂಗಾರಿಗೆ ಬೆಂಡೆ, ಹೀರೆ, ಬದನೆ. ಮಳೆ ತಗ್ಗುವ ಹೊತ್ತಿಗೆ ಕೋಸು, ಕ್ಯಾರೆಟ್, ಬೀಟ್‌ರೂಟ್. ಬೇಸಿಗೆಗೆ ಬಾವಿ ಕೊಡುವಷ್ಟೇ ಸೊಪ್ಪು, ಸೌತೆ. ನಾಟಿಯ ದಿನದಿಂದ ಹಿಂದಕ್ಕೆ ಎಣಿಸಿ: ಟೊಮೆಟೊ, ಕೋಸಿನ ಸಸಿಗೆ 25–30 ದಿನ, ಮೆಣಸಿನಕಾಯಿಗೆ 40–45 ದಿನ. ಅವರೆಯ ಲೆಕ್ಕವೇ ಬೇರೆ. ನಾಟಿ ಅವರೆ ಹಗಲು ಕಿರಿದಾದಾಗಲೇ ಹೂಬಿಡುವುದರಿಂದ ಜುಲೈನಲ್ಲಿ ಬಿತ್ತಿದ್ದೂ ಆಗಸ್ಟ್‌ನಲ್ಲಿ ಬಿತ್ತಿದ್ದೂ ಹೆಚ್ಚುಕಡಿಮೆ ಒಟ್ಟಿಗೇ ಕಾಯಿಗೆ ಬರುತ್ತವೆ. ತಾಕನ್ನು ಅಷ್ಟು ತಿಂಗಳು ಬಿಟ್ಟುಕೊಡಲಾಗದವರಿಗೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತಳಿಗಳಿವೆ. ಅವು ಹಗಲಿನ ಉದ್ದವನ್ನು ಕಾಯುವುದಿಲ್ಲ.

ಹೀಗೆ ಗೊತ್ತಾದ ವಾರದೊಳಗೆ ತಕ್ಕ ರಾಶಿ ಬಂದರೆ ಅಂದೇ ಬಿತ್ತಿ. ಮಣ್ಣಿನ ಹದ ತಪ್ಪುವಂತಿದ್ದರೆ ಮುಂದಿನ ಒಂಬತ್ತು ದಿನ ಕಾಯಬೇಡಿ. ಚಂದ್ರನ ಪರಿಣಾಮಕ್ಕೆ ಪುರಾವೆ ದುರ್ಬಲ. ಹದ ತಪ್ಪಿದರೆ ಬೀಜ ಮೊಳೆಯದಿರುವುದನ್ನು ಕಣ್ಣಾರೆ ಕಂಡಿದ್ದೇನೆ. ಆದರೂ ಪಂಚಾಂಗವನ್ನು ಬಿಟ್ಟಿಲ್ಲ, ಏಕೆಂದರೆ ಬಿತ್ತಿದ ದಿನವನ್ನು ತಪ್ಪದೆ ಬರೆದಿಡುವ ಅಭ್ಯಾಸ ನನಗೆ ಬಂದದ್ದೇ ಅದರಿಂದ.

ಹಸುವಿನ ಕೊಂಬಿಗೆ ಸಗಣಿ ತುಂಬಿ ಹೂತು ಮಾಡುವ ಕೊಂಬಿನ ಗೊಬ್ಬರವನ್ನೂ ನಕ್ಷೆಯಲ್ಲಿ ಸೇರಿಸಿ. ಎಕರೆಗೆ ಸುಮಾರು 25 ಗ್ರಾಂ ಗೊಬ್ಬರವನ್ನು ಉಗುರುಬೆಚ್ಚಗಿನ ನೀರಿನಲ್ಲಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಸುಳಿ ಎಬ್ಬಿಸುತ್ತಾ ಒಂದು ಗಂಟೆ ತಿರುಗಿಸಿ, ಪಾತಿ ಸಿದ್ಧವಾದ ಸಂಜೆ ಚಿಮುಕಿಸಬೇಕು. ಸಗಣಿ ತುಂಬಿದ ಕೊಂಬು ಚಳಿಗಾಲವಿಡೀ ಮಣ್ಣಿನೊಳಗಿರಬೇಕು. ಮುಂದಿನ ಮುಂಗಾರಿನ ಪಾತಿಗೆ ಬೇಕಾದ ಕೊಂಬುಗಳನ್ನು ಈ ನವರಾತ್ರಿಯ ಹೊತ್ತಿಗೇ ಹೂಳಬೇಕು.