ಕೊಟ್ಟಿಗೆ ಗೊಬ್ಬರ ಹಾಕಿದ ಮೇಲೆ ರಾಸಾಯನಿಕ ಗೊಬ್ಬರವನ್ನು ಎಷ್ಟು ಕಡಿಮೆ ಮಾಡಬಹುದು?

ಪ್ರಶ್ನೆ: ಕೋಲಾರದ ಕಡೆಯ ನೀರಾವರಿ ಕೆಂಪು ಮಣ್ಣಿನಲ್ಲಿ ಟೊಮೆಟೊ, ಎಲೆಕೋಸು, ಬೀನ್ಸ್ ಹೀಗೆ ಸರದಿಯಲ್ಲಿ ಬೆಳೆಯುತ್ತೇವೆ. ಎಕರೆಗೆ 10 ಟನ್ ಕೊಟ್ಟಿಗೆ ಗೊಬ್ಬರ ಕೊಟ್ಟ ಮೇಲೂ ಯೂರಿಯಾ, ಡಿಎಪಿ (ಸಾರಜನಕ, ರಂಜಕ ಎರಡೂ ಇರುವ ಗೊಬ್ಬರ), ಪೊಟ್ಯಾಷ್ ಬೇಕೇ?

ಉತ್ತರ: ಬೇಕು. ಆದರೆ ಮೂರನ್ನೂ ಒಂದೇ ಪ್ರಮಾಣದಲ್ಲಿ ಇಳಿಸಲಾಗದು. ಗೊಬ್ಬರ ಹಾಕಿದ್ದೇವೆಂದು ಮೊದಲು ಕೈಬಿಡಬೇಕೆನಿಸುವ ಯೂರಿಯಾದಲ್ಲಿ ಉಳಿತಾಯ ಕಡಿಮೆ, ಯಾರೂ ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳದ ಪೊಟ್ಯಾಷ್‌ನಲ್ಲಿಯೇ ಹೆಚ್ಚು.

ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ ಸಾಮಾನ್ಯವಾಗಿ ಶೇ. 0.5 ಸಾರಜನಕ, ಶೇ. 0.2 ರಂಜಕ ಮತ್ತು ಶೇ. 0.5 ಪೊಟ್ಯಾಷ್ ಇರುತ್ತದೆಂದು ಹಿಡಿದರೆ, 10 ಟನ್ನಿನಲ್ಲಿ ಕ್ರಮವಾಗಿ 50, 20 ಮತ್ತು 50 ಕಿಲೋ ಬಂದಂತಾಯಿತು. ಇದರಲ್ಲಿ ಮೊದಲ ಬೆಳೆಗೆ ದಕ್ಕುವುದು ಸಾರಜನಕದ ಶೇ. 30ರಷ್ಟು, ಅಂದರೆ 15 ಕಿಲೋ ಮಾತ್ರ. ಅದು ಸುಮಾರು 33 ಕಿಲೋ ಯೂರಿಯಾಕ್ಕೆ ಸಮ, 45 ಕಿಲೋದ ಒಂದು ಚೀಲವೂ ಆಗಲಿಲ್ಲ. ಪೊಟ್ಯಾಷ್ ಮಾತ್ರ ಶೇ. 70ರಷ್ಟು ಸಿಗುವುದರಿಂದ 35 ಕಿಲೋ ಆಗುತ್ತದೆ, ಅಂದರೆ 50 ಕಿಲೋದ ಒಂದು ಚೀಲ ಮ್ಯೂರಿಯೇಟ್ ಆಫ್ ಪೊಟ್ಯಾಷ್‌ನಲ್ಲಿ (ಅಂಗಡಿಯ ಪೊಟ್ಯಾಷ್ ಗೊಬ್ಬರ) ಇರುವ 30 ಕಿಲೋಗಿಂತಲೂ ಸ್ವಲ್ಪ ಹೆಚ್ಚೇ. ಈ ಅಂಕಿಗಳು ತೂಕದ ಗೊಬ್ಬರಕ್ಕೆ. ನಮ್ಮಲ್ಲಿ ಗೊಬ್ಬರ ಮಾರಾಟವಾಗುವುದು ಟ್ರ್ಯಾಕ್ಟರ್ ಲೋಡಿನ ಲೆಕ್ಕದಲ್ಲಿ, ಆ ಲೋಡಿನಲ್ಲಿ ಮಣ್ಣೆಷ್ಟು, ನೀರೆಷ್ಟು ಎಂಬುದನ್ನು ಕೊಳ್ಳುವವರೇ ನೋಡಿಕೊಳ್ಳಬೇಕು.

ಅರೆಬರೆ ಕಳಿತ ಗೊಬ್ಬರವಾದರೆ ಲೆಕ್ಕ ಇನ್ನೂ ಕೆಡುತ್ತದೆ. ಅದನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ಮಣ್ಣಿನಲ್ಲಿದ್ದ ಸಾರಜನಕವನ್ನೇ ತಮಗಾಗಿ ಬಳಸಿಕೊಳ್ಳುವುದರಿಂದ, ಗೊಬ್ಬರ ಕೊಟ್ಟ ಮೇಲೂ ಟೊಮೆಟೊ ಸಸಿ ಹಳದಿಗೆ ತಿರುಗುತ್ತದೆ. ಆದ್ದರಿಂದ ಕಳಿತ ಗೊಬ್ಬರವನ್ನು ನಾಟಿಗೆ ಎರಡು ಮೂರು ವಾರ ಮೊದಲೇ ಮಣ್ಣಿಗೆ ಸೇರಿಸಿ, ಯೂರಿಯಾವನ್ನು ಬೆಳೆ ನಿಂತ ಮೇಲೆ ಕಂತುಗಳಲ್ಲಿ ಕೊಡುವುದು ಒಳ್ಳೆಯದು. ಯೂರಿಯಾವನ್ನು ತಿಪ್ಪೆಗೆ ಬೆರೆಸಿದರೆ ಅಮೋನಿಯಾ ಆಗಿ ಹಾರಿಹೋಗುತ್ತದೆ. ಬೂದಿ ಅಥವಾ ಸುಣ್ಣ ಸೇರಿದರಂತೂ ಹೇಳುವುದೇ ಬೇಡ. ಇದಕ್ಕೆ ತದ್ವಿರುದ್ಧವಾಗಿ ರಂಜಕದ ಗೊಬ್ಬರವಾದ ಸೂಪರ್ ಫಾಸ್ಫೇಟನ್ನು ಗೊಬ್ಬರದೊಂದಿಗೆ ಬೆರೆಸುವುದು ಲಾಭಕರ, ಏಕೆಂದರೆ ಕೆಂಪು ಮಣ್ಣಿನ ಕಬ್ಬಿಣ ಮತ್ತು ಅಲ್ಯೂಮಿನಿಯಂ ರಂಜಕವನ್ನು ಹಿಡಿದಿಟ್ಟುಕೊಳ್ಳುತ್ತವೆ. ಕೊಟ್ಟಿಗೆ ಗೊಬ್ಬರದ ಸಾವಯವ ಆಮ್ಲಗಳು ಆ ಹಿಡಿತವನ್ನು ಸಡಿಲಿಸುತ್ತವೆ.

ಟೊಮೆಟೊಗೆ ಸಿಗದೆ ಉಳಿದ ಸಾರಜನಕ ನಷ್ಟವಾಗಿಲ್ಲ. ಅದರಲ್ಲಿ ಬಹುಪಾಲು ಮುಂದಿನ ಬೆಳೆಗಳಿಗೆ ನಿಧಾನವಾಗಿ ಒದಗುತ್ತದೆ. ಹೀಗಾಗಿ ಎಲೆಕೋಸಿಗೆ ಮತ್ತೆ 10 ಟನ್ ಹಾಕಬೇಕಿಲ್ಲವಾದರೂ ಎಲೆ ಬೆಳೆಯಾದ ಅದರ ಸಾರಜನಕದ ಹಸಿವಿಗೆ ಈ ಉಳಿಕೆ ಸಾಲದು. ಬೀನ್ಸ್ ದ್ವಿದಳವೆಂದು ಅದಕ್ಕೆ ಸಾರಜನಕವನ್ನೇ ಕೊಡದಿರುವುದು ಇನ್ನೊಂದು ತಪ್ಪು: ಗಾಳಿಯ ಸಾರಜನಕ ಹಿಡಿಯುವ ಗಂಟುಗಳು ಅಲಸಂದೆಯಲ್ಲಿ ಕಟ್ಟುವಷ್ಟು ಸಮೃದ್ಧವಾಗಿ ಅದರ ಬೇರಿನಲ್ಲಿ ಕಟ್ಟುವುದಿಲ್ಲ, ಆದ್ದರಿಂದ ಅದಕ್ಕೂ ಸಾರಜನಕ ಬೇಕು. ಮಣ್ಣಿಗೆ ನಿಜವಾಗಿ ಸಾರಜನಕ ಕೂಡಿಸಬೇಕೆಂದಿದ್ದರೆ ಸರದಿಯಲ್ಲಿ ಬೀನ್ಸ್ ಬದಲು ಅಲಸಂದೆಗೆ ಜಾಗ ಕೊಡಿ. ಕ್ಯಾರೆಟ್ ಸೇರಿಸುವುದಾದರೆ ಗೊಬ್ಬರ ಹಾಕಿದ ಬೆಳೆಯ ಮರುಸರದಿಯಲ್ಲಿಯೇ ಬಿತ್ತಿ. ಹಸಿ ಗೊಬ್ಬರ ಬಿದ್ದ ಮಣ್ಣಿನಲ್ಲಿ ಗೆಡ್ಡೆ ಕವಲೊಡೆದು ಮಾರುಕಟ್ಟೆಯಲ್ಲಿ ಬೆಲೆ ಕಳೆದುಕೊಳ್ಳುತ್ತದೆ.