ಪಲ್ಪರ್ ನೀರಿನ ಹಳೆಯ ಲೆಕ್ಕ

ಕೊಡಗು, ಚಿಕ್ಕಮಗಳೂರು, ಸಕಲೇಶಪುರ ಸೀಮೆಯಲ್ಲಿ ಅರೇಬಿಕಾ ಕಾಫಿಯ ಕೊಯ್ಲು ನವೆಂಬರ್‌ನಿಂದ ಜನವರಿಯವರೆಗೂ, ರೊಬಸ್ಟಾ ಕೊಯ್ಲು ಅದರ ಬೆನ್ನಿಗೇ ಮಾರ್ಚ್‌ವರೆಗೂ ನಡೆಯುತ್ತದೆ. ಹಳ್ಳಗಳ ಹರಿವು ದಿನೇ ದಿನೇ ತಗ್ಗುವ ಕಾಲವೂ ಇದೇ. ಕಾಫಿ ಸಂಸ್ಕರಣೆಯ ನೀರಿನ ಸಮಸ್ಯೆಗೆ ಈ ಕಾಲಮಾನವೇ ಅರ್ಧ ಕಾರಣ.

ಹಣ್ಣನ್ನು ಇಡಿಯಾಗಿ ಕಣದಲ್ಲಿ ಹರಡಿ ಒಣಗಿಸಿದರೆ ಅದು ಚೆರಿ. ಇದಕ್ಕೆ ನೀರು ಬಹುತೇಕ ಬೇಡ. ಪಲ್ಪರ್‌ನಲ್ಲಿ ಸಿಪ್ಪೆ ಸುಲಿದು, ಬೀಜಕ್ಕೆ ಅಂಟಿದ ಲೋಳೆಯನ್ನು ತೊಟ್ಟಿಯಲ್ಲಿ ಹುಳಿಯಲು ಬಿಟ್ಟು, ತೊಳೆದು ಒಣಗಿಸಿದರೆ ಪಾರ್ಚ್‌ಮೆಂಟ್. ಹತ್ತೊಂಬತ್ತನೆಯ ಶತಮಾನದ ಯುರೋಪಿಯನ್ ತೋಟಗಾರರು ಈ ಎರಡನೆಯ ದಾರಿಯನ್ನು ಹಿಡಿದರು. ಪಾರ್ಚ್‌ಮೆಂಟ್ ಘಟ್ಟವಿಳಿದು ಮಂಗಳೂರಿನ ಕ್ಯೂರಿಂಗ್ ವರ್ಕ್ಸ್ ಸೇರಿ, ಹೊರಗವಚ ಕಳಚಿಕೊಂಡು ಹಡಗು ಹತ್ತುತ್ತಿತ್ತು. ತೊಳೆದ ಅರೇಬಿಕಾ ಇಂದಿಗೂ ‘ಪ್ಲಾಂಟೇಶನ್’ ದರ್ಜೆಯ ಹೆಸರಲ್ಲೇ ಮಾರಾಟವಾಗುತ್ತದೆ. ಹೆಚ್ಚಿನ ಬೆಲೆ ತೊಳೆದ ಕಾಫಿಗೆ ಸಲ್ಲಬೇಕೆಂಬ ರೂಢಿ ಹೀಗೆ ಬೇರೂರಿತು. ತೊಳೆದ ನೀರಿನ ಖರ್ಚು ಮಾತ್ರ ಯಾರ ಖಾತೆಗೂ ಸೇರಲಿಲ್ಲ.

ಆ ನೀರಿನಲ್ಲಿ ವಿಷವೇನೂ ಇಲ್ಲ, ಇರುವುದು ಹಣ್ಣಿನ ಸಕ್ಕರೆ ಮತ್ತು ಪೆಕ್ಟಿನ್ ಎಂಬ ಅಂಟು. ತೊಂದರೆ ಇರುವುದೂ ಅಲ್ಲೇ. ಅದು ಹಳ್ಳ ಸೇರಿದರೆ, ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ಹಳ್ಳದ ನೀರಿನಲ್ಲಿ ಕರಗಿದ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತವೆ. ನೀರು ಹುಳಿಯಾಗಿ, ಕಪ್ಪಿಟ್ಟು, ನಾರತೊಡಗುತ್ತದೆ, ಮೀನು ಸಾಯುತ್ತದೆ. ಮಳೆಗಾಲದ ತುಂಬು ಹೊಳೆ ಇದನ್ನು ಒಂದಿಷ್ಟು ತಾಳಿಕೊಂಡೀತು, ಜನವರಿಯ ಹಳ್ಳ ತಾಳದು.

1942ರ ಕಾಫಿ ಕಾಯ್ದೆಯ ಬಳಿಕ ಬೆಳೆಗಾರರು ಫಸಲನ್ನು ಕಾಫಿ ಮಂಡಳಿಯ ಪೂಲ್‌ಗೆ, ಅಂದರೆ ಎಲ್ಲರ ಕಾಫಿಯನ್ನೂ ಒಟ್ಟುಗೂಡಿಸಿ ಮಂಡಳಿಯೇ ಮಾರುವ ವ್ಯವಸ್ಥೆಗೆ, ಒಪ್ಪಿಸಬೇಕಿತ್ತು. ಜಲಮಾಲಿನ್ಯ ತಡೆ ಕಾಯ್ದೆ ಬಂದದ್ದು 1974ರಲ್ಲಿ. ಆ ನಂತರ ಪಲ್ಪರ್ ನೀರಿಗೆ ಸುಣ್ಣ ಬೆರೆಸಿ ಹುಳಿ ತಗ್ಗಿಸಿ, ಮೊದಲು ಗಾಳಿಯಾಡದ ಹೊಂಡದಲ್ಲೂ ಬಳಿಕ ಗಾಳಿಯೂಡುವ ಹೊಂಡದಲ್ಲೂ ಕೊಳೆ ಕಳೆಯುವ ಕ್ರಮ ರೂಢಿಗೆ ಬಂತು. ಕಾಗದದ ಮೇಲೆ ಇದು ಸರಳ. ಆದರೆ ವರ್ಷದಲ್ಲಿ ಕೆಲವೇ ವಾರ ನೀರು ಕಾಣುವ ಹೊಂಡದಲ್ಲಿ ಸೂಕ್ಷ್ಮಜೀವಿಗಳನ್ನು ಪ್ರತಿ ಕೊಯ್ಲಿಗೂ ಹೊಸದಾಗಿ ಬೆಳೆಸಬೇಕು, ಸಣ್ಣ ಹಿಡುವಳಿದಾರನಿಗೆ ಹೊಂಡಕ್ಕೆ ಜಾಗವೂ ಇರುವುದಿಲ್ಲ.

1990ರ ದಶಕದಲ್ಲಿ ಪೂಲ್ ವ್ಯವಸ್ಥೆ ಸಡಿಲಗೊಂಡು, 1996ರ ಹೊತ್ತಿಗೆ ಮಾರಾಟ ಪೂರ್ತಿ ಬೆಳೆಗಾರರ ಕೈಗೆ ಬಂತು. ಗುಣಮಟ್ಟದ ಬೆಲೆ ನೇರವಾಗಿ ತನ್ನ ಜೇಬಿಗೇ ಬರುವುದಾದರೆ ಯಾರು ತಾನೆ ತೊಳೆಯದೆ ಬಿಟ್ಟಾರು? ‘ರೊಬಸ್ಟಾ ಕಾಪಿ ರಾಯಲ್’ ಎಂಬ ವಿಶೇಷ ದರ್ಜೆಯೂ ತೊಳೆದ ರೊಬಸ್ಟಾದ್ದೇ. ಅದೇ ದಶಕದಲ್ಲಿ ಕೊಲಂಬಿಯಾದ ಸೆನಿಕಾಫೆ ಸಂಶೋಧನಾ ಕೇಂದ್ರ, ಸಿಪ್ಪೆಯನ್ನು ನೀರಿಲ್ಲದೆ ಸುಲಿದು ಲೋಳೆಯನ್ನು ಯಂತ್ರದಿಂದಲೇ ಉಜ್ಜಿ ತೆಗೆಯುವ ‘ಬೆಕೊಲ್‌ಸುಬ್’ ವ್ಯವಸ್ಥೆಯನ್ನು ರೂಪಿಸಿತು. ಕಿಲೋ ಪಾರ್ಚ್‌ಮೆಂಟಿಗೆ 40 ಲೀಟರ್‌ನಷ್ಟು ಬೇಡುತ್ತಿದ್ದ ನೀರು ಒಂದು ಲೀಟರ್‌ನ ಆಸುಪಾಸಿಗೆ ಇಳಿಯಿತು. ಇದೇ ತತ್ವದ ಯಂತ್ರಗಳು ನಮ್ಮ ತೋಟಗಳಿಗೂ ಬಂದಿವೆ. ನೀರು ಇಳಿದಷ್ಟೂ ಉಳಿಯುವ ರೊಚ್ಚು ಗಟ್ಟಿಯಾಗುತ್ತದೆ ಎಂಬುದನ್ನು ಮಾರುವವರು ಅಷ್ಟಾಗಿ ಹೇಳುವುದಿಲ್ಲ.

ಹಾಗಾದರೆ ಚೆರಿಯೇ ಲೇಸಲ್ಲವೇ? ದೇಶದ ಕಾಫಿಯಲ್ಲಿ ಸುಮಾರು ಶೇ. 70ರಷ್ಟಿರುವ ರೊಬಸ್ಟಾದ ಬಹುಪಾಲು ಈಗಲೂ ಕಣದಲ್ಲೇ ಒಣಗುತ್ತದೆ. ಆದರೆ ಚೆರಿ ಒಣಗಲು ಎರಡು ವಾರದ ಆಸುಪಾಸು ಬಿಸಿಲು ಬೇಕು, ಪಾರ್ಚ್‌ಮೆಂಟಿಗೆ ವಾರ-ಹತ್ತು ದಿನ ಸಾಕು. ಈಚಿನ ವರ್ಷಗಳಲ್ಲಿ ಕೊಯ್ಲಿನ ನಡುವೆಯೇ ಸುರಿಯುವ ಅಕಾಲಿಕ ಮಳೆಗೆ ಕಣದ ಹಣ್ಣು ಬೂಸ್ಟು ಹಿಡಿಯುತ್ತದೆ, ತಾರ್ಪಾಲು ಹೊದಿಸಿದರೆ ಒಳಗೇ ಬೆವರುತ್ತದೆ. ನೀರು ಉಳಿಸುವ ದಾರಿಯಲ್ಲಿದ್ದ ಬೆಳೆಗಾರನನ್ನೂ ಆಕಾಶವೇ ಪಲ್ಪರ್‌ನ ಕಡೆಗೆ ದೂಡುತ್ತಿದೆ. ನೀರು ಬಳಸದೆ ಒಣಗಿಸಿದ ಚೆರಿಗೆ ಅದಕ್ಕಾಗಿಯೇ ಒಂದು ರೂಪಾಯಿ ಹೆಚ್ಚು ಕೊಡುವ ಪದ್ಧತಿ ಸಾಮಾನ್ಯ ಮಾರುಕಟ್ಟೆಯಲ್ಲಿ ಇನ್ನೂ ಇಲ್ಲ.